ಮನೆಯಲ್ಲಿ ಮೀನು ಶುಚಿಗೊಳಿಸುವ ಸ್ಥಳ: ಸಾರ್ವಜನಿಕರಿಗೆ ಮಾಹಿತಿ

ಕೆರೆ, ಹೊಂಡ ಹಾಗೂ ತುಂಗಭದ್ರಾ ನದಿಯ ಕಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ಮೀನುಗಳನ್ನು ಇಡಿಯಾಗಿ ತಂದು ಮನೆಯಲ್ಲೇ ಶುಚಿಗೊಳಿಸುವ ಕುಟುಂಬಗಳಿಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಂತಹ ಗ್ರಾಮಗಳಲ್ಲಿ ಇದಕ್ಕೆ ಹಿತ್ತಲೇ ಸೂಕ್ತ ಸ್ಥಳವಾಗಿರುತ್ತದೆ. ಕುಡಿಯುವ ನೀರಿನ ನಲ್ಲಿಯ ಬಳಿ ಅಥವಾ ದನದ ಕೊಟ್ಟಿಗೆಗೆ ಹೊಂದಿಕೊಂಡಂತೆ ಮೀನು ಕೊಯ್ಯಬಾರದು.

ಸ್ಥಳ ಮತ್ತು ಸಲಕರಣೆ

ಸೊಂಟದ ಎತ್ತರದ ಕಟ್ಟೆಯ ಮೇಲೆ ಸುಮಾರು 3 ಅಡಿ ಉದ್ದ, 2 ಅಡಿ ಅಗಲದ ಕಡಪ ಕಲ್ಲನ್ನು ಒಂದು ಬದಿಗೆ ಅರ್ಧ ಇಂಚು ಇಳಿಜಾರಾಗಿ ಕೂರಿಸಿದರೆ ನೀರು ನಿಲ್ಲುವುದಿಲ್ಲ. ಈಳಿಗೆ ಮಣೆಯ ಮೇಲೆ ಕುಳಿತು ಕೊಯ್ಯುವ ರೂಢಿಯುಳ್ಳವರು ಇದೇ ಕಲ್ಲನ್ನು ನೆಲದ ಮೇಲೆ ಹಾಸಬಹುದು. ಆದರೆ ಬರಿಯ ಮಣ್ಣಿನ ನೆಲ ಸಲ್ಲದು. ಹುರುಪೆ ತೆಗೆಯಲು ಮೊಂಡು ಚಾಕು ಸಾಕು. ಜಾರುವ ಮೀನನ್ನು ಹಿಡಿಯಲು ಒಲೆಯ ಬೂದಿ ಅನುಕೂಲಕರವಾಗಿದ್ದು, ನಂತರ ಅದನ್ನು ಚೆನ್ನಾಗಿ ತೊಳೆಯತಕ್ಕದ್ದು. ಮೀನಿಗೆ ಬಳಸುವ ಚಾಕು ಮತ್ತು ಹಲಗೆಯನ್ನು ತರಕಾರಿಗೆ ಬಳಸಬಾರದು.

ಹಸಿ ಮೀನನ್ನು ಕೋಣೆಯ ಉಷ್ಣಾಂಶದಲ್ಲಿ 2 ಗಂಟೆಗಿಂತ ಹೆಚ್ಚು ಇಡಬಾರದು. ಬೇಸಿಗೆಯಲ್ಲಿ ಇದಕ್ಕೂ ಬೇಗನೆ ಕೆಲಸ ಮುಗಿಸುವುದು ಸೂಕ್ತ. ಕೂಡಲೇ ಅಡುಗೆ ಮಾಡದಿದ್ದಲ್ಲಿ ಮಂಜುಗಡ್ಡೆಯಲ್ಲಿ ಅಥವಾ ಫ್ರಿಜ್‌ನಲ್ಲಿ ಇಡಬೇಕು.

ಪಿತ್ತಕೋಶದ ಬಗ್ಗೆ ಎಚ್ಚರಿಕೆ

ಮೊದಲು ಕಿವಿರುಗಳನ್ನು ತೆಗೆದು, ನಂತರ ಹೊಟ್ಟೆಯನ್ನು ಆಳವಾಗಿ ಕೊಯ್ಯದೆ ಬಿಡಿಸಿ ಕರುಳನ್ನು ಹೊರತೆಗೆಯಬೇಕು. ಪಿತ್ತಜನಕಾಂಗಕ್ಕೆ ಅಂಟಿಕೊಂಡಿರುವ ಹಸಿರು ಬಣ್ಣದ ಸಣ್ಣ ಚೀಲವೇ ಪಿತ್ತಕೋಶ. ಇದು ಒಡೆದರೆ ಮಾಂಸ ಕಹಿಯಾಗುತ್ತದೆ. ಕಲೆಯಾದ ಭಾಗವನ್ನು ಕತ್ತರಿಸಿ ಎಸೆದು ಉಳಿದದ್ದನ್ನು ತೊಳೆಯಬೇಕು. ಗೆಂಡೆ ಜಾತಿಯ ಮೀನುಗಳ ಪಿತ್ತಕೋಶವನ್ನು ಔಷಧವೆಂದು ನಂಬಿ ನುಂಗುವವರು ಇದ್ದಾರೆ. ಇದು ಅಪಾಯಕಾರಿ. ರೋಹು ಮೀನಿನ ಪಿತ್ತಕೋಶ ಸೇವಿಸಿದವರಲ್ಲಿ ವಾಂತಿ, ಭೇದಿ ಕಾಣಿಸಿಕೊಂಡು ಮೂತ್ರಪಿಂಡ ವೈಫಲ್ಯವಾದ ಪ್ರಕರಣಗಳು ಭಾರತದಲ್ಲಿ ವರದಿಯಾಗಿವೆ. ಇದರ ವಿಷ ಬೇಯಿಸುವುದರಿಂದ ನಾಶವಾಗುವುದಿಲ್ಲ. ಯಾರಾದರೂ ಸೇವಿಸಿದ್ದಲ್ಲಿ ಮನೆಮದ್ದು ಮಾಡುತ್ತಾ ಕಾಲ ಕಳೆಯದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು ಹಾಗೂ ಸೇವಿಸಿದ ವಿಷಯವನ್ನು ವೈದ್ಯರಿಗೆ ತಿಳಿಸತಕ್ಕದ್ದು.

ನೀರು ಮತ್ತು ತ್ಯಾಜ್ಯ

ತೊಳೆದ ನೀರನ್ನು ನಾಲೆಗೆ ಅಥವಾ ರಸ್ತೆಯ ಚರಂಡಿಗೆ ಬಿಡದೆ ಬಚ್ಚಲು ಗುಂಡಿಗೆ ಹರಿಸಬೇಕು. ಗುಂಡಿಯು ಬಾವಿ ಅಥವಾ ಕೊಳವೆಬಾವಿಯಿಂದ ಕನಿಷ್ಠ 15 ಮೀಟರ್ ದೂರವಿರಲಿ. ಗುಂಡಿ ನಿರ್ಮಾಣಕ್ಕೆ ನೆರವು ಲಭ್ಯವಿದೆಯೇ ಎಂಬುದನ್ನು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಬಹುದಾಗಿದೆ. ಹುರುಪೆ, ಕರುಳು ಇತ್ಯಾದಿಗಳನ್ನು ತಿಪ್ಪೆಯ ಮೇಲೆ ಎಸೆದರೆ ನಾಯಿಗಳು ಎಳೆದಾಡುತ್ತವೆ. ಆದುದರಿಂದ ತೋಟದಲ್ಲಿ ಒಂದೂವರೆ ಅಡಿ ಆಳದಲ್ಲಿ ಹೂಳುವುದು ಉತ್ತಮ. ತೆಂಗಿನ ಗಿಡಗಳಿಗೆ ಇದು ಒಳ್ಳೆಯ ಗೊಬ್ಬರವೂ ಹೌದು. ಕೆಲಸ ಮುಗಿದ ಮೇಲೆ ಕಲ್ಲು ಹಾಗೂ ಸಲಕರಣೆಗಳನ್ನು ಸೋಪಿನಿಂದ ತೊಳೆದು ಬಿಸಿಲಿಗೆ ಒಣಗಿಸಬೇಕು.

ಮಾರಾಟಕ್ಕಾಗಿ ಶುಚಿಗೊಳಿಸುವವರಿಗೆ

ಸ್ವಂತ ಅಡುಗೆಗಾಗಿ ಮಾಡುವ ಈ ಕೆಲಸಕ್ಕೆ ಪರವಾನಗಿಯ ಅಗತ್ಯವಿರುವುದಿಲ್ಲ. ಶುಚಿಗೊಳಿಸಿದ ಮೀನನ್ನು ಮಾರಾಟ ಮಾಡುವವರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅನ್ವಯ ನೋಂದಣಿ ಅಥವಾ ಪರವಾನಗಿ ಪಡೆಯಬೇಕಾಗುತ್ತದೆ. ಮೀನು ಮಾರಾಟಗಾರರಿಗಿರುವ ಇಲಾಖಾ ಯೋಜನೆಗಳ ಮಾಹಿತಿ ಹಾಗೂ ಅರ್ಜಿಗಾಗಿ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.