ಬಿಸಿಲನ್ನು ಹಿಡಿದವರು

ಕ್ರಿ. ಶ. 1878ರಲ್ಲಿ ಪ್ಯಾರಿಸ್ ನಗರದ ಮಹಾಪ್ರದರ್ಶನಕ್ಕೆ ನೆರೆದ ಜನರು ಒಂದು ಸೋಜಿಗವನ್ನು ಕಂಡರು. ಬಿಚ್ಚಿದ ಕೊಡೆಯನ್ನು ಮೇಲ್ಮುಖವಾಗಿ ಇಟ್ಟಂತೆ ಒಂದು ದೊಡ್ಡ ಕನ್ನಡಿ. ಅದರ ನಡುವೆ ಕರಿಯ ಹಂಡೆ. ಕನ್ನಡಿಯು ಬಿಸಿಲನ್ನೆಲ್ಲ ಹಂಡೆಯ ಮೇಲೆ ಬೀಳಿಸಿತು, ಆ ಕಾವು ಒಂದು ಶೈತ್ಯಯಂತ್ರವನ್ನು ನಡೆಯಿಸಿತು, ಮಂಜುಗಡ್ಡೆ ಕಟ್ಟಿತು. ಸೂರ್ಯನಿಂದ ಮಂಜುಗಡ್ಡೆಯೆಂದರೆ ತಾವಾದರೂ ನಂಬುತ್ತಿದ್ದಿರೇ?

ಇದನ್ನು ಮಾಡಿ ಚಿನ್ನದ ಪದಕ ಪಡೆದಾತ ಅಗಸ್ಟೀನ್ ಮೂಶೋ. ಆತನು ತೂರ್ ಪಟ್ಟಣದ ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ಉಪಾಧ್ಯಾಯ. (ಉಪಾಧ್ಯಾಯನ ಸಂಬಳಕ್ಕೆ ಅಂಥ ಕನ್ನಡಿ ಎಟುಕೀತೆ? ಸರಕಾರ ನೆರವಿತ್ತಿತ್ತು.) ನೆಲದ ಕಲ್ಲಿದ್ದಲು ಒಂದು ದಿನ ಮುಗಿದೇ ಹೋಗುವುದು, ಆಗ ಕಾರ್ಖಾನೆಗಳ ಗತಿಯೇನು ಎಂಬುದು ಆತನ ಚಿಂತೆ. ಅದೇ ವರ್ಷ ಮುಂಬಯಿಯಲ್ಲಿ ವಿಲಿಯಂ ಆಡಮ್ಸ್ ಎಂಬ ಆಂಗ್ಲ ಅಧಿಕಾರಿಯು, ಉಷ್ಣದೇಶಗಳಲ್ಲಿ ಉರುವಲಿಗೆ ಬದಲು ಬಿಸಿಲನ್ನೇ ಬಳಸಬಹುದೆಂದು ಪುಸ್ತಕ ಪ್ರಕಟಿಸಿದನು. ಆದರೆ ಕಲ್ಲಿದ್ದಲು ಅಗ್ಗವಾಯಿತು. ಮೂಶೋವಿಗೆ ಬರುತ್ತಿದ್ದ ನೆರವು ನಿಂತಿತು. 1912ರಲ್ಲಿ, ತನ್ನ 87ನೆಯ ವಯಸ್ಸಿನಲ್ಲಿ, ಆತನು ಪ್ಯಾರಿಸಿನಲ್ಲಿ ಬಡವನಾಗಿಯೇ ತೀರಿಕೊಂಡನು.

ಬೆಲೆಯೊಂದೇ ತೊಡಕಲ್ಲ. ಕಪ್ಪು ಹಂಡೆ ಬಿಸಿಲನ್ನು ಹೀರುವುದೇನೋ ನಿಜ. ಕಾದ ಮೇಲೆ ಆ ಕಾವನ್ನು ಕಾಣದ ಕಿರಣಗಳಾಗಿ ಹೊರಚೆಲ್ಲುವುದರಲ್ಲಿಯೂ ಅದು ಅಷ್ಟೇ ಧಾರಾಳಿ. ಈ ಸೋರಿಕೆಗೆ ಮದ್ದು ಕೊಟ್ಟವನು ಇಸ್ರೇಲಿನ ಹ್ಯಾರಿ ಟೇಬರ್. ಬಿಸಿಲಿಗೆ ಕಪ್ಪಾಗಿಯೂ ಕಾವಿನ ಕಿರಣಗಳಿಗೆ ಹೊಳೆಯುವ ಲೋಹದಂತೆಯೂ ವರ್ತಿಸುವ ಲೇಪನವನ್ನು ಆತನು 1955ರಲ್ಲಿ ವಿದ್ವಾಂಸರ ಮುಂದಿಟ್ಟನು. ಇಂದು ಬೆಂಗಳೂರಿನ ಮಹಡಿಗಳ ಮೇಲೆ ಸ್ನಾನದ ನೀರು ಕಾಯಿಸುವ ಗಾಜಿನ ಕೊಳವೆಗಳೊಳಗಿನ ಕಪ್ಪು ಇದೇ ಜಾತಿಯದು.

ಇನ್ನೊಂದು ದಾರಿ ಬಣ್ಣದ ಕಡೆಯಿಂದ ಬಂದಿತು. ಚಿನ್ನವನ್ನು ಅತಿ ಸೂಕ್ಷ್ಮ ಕಣಗಳಾಗಿಸಿ ನೀರಿನಲ್ಲಿ ತೇಲಿಸಿದರೆ ನೀರು ಮಾಣಿಕ್ಯದಂತೆ ಕೆಂಪಾಗುವುದನ್ನು ಮೈಕೆಲ್ ಫ್ಯಾರಡೆ 1857ರಲ್ಲಿ ವಿವರಿಸಿದ್ದನು. ಕಾರಣವನ್ನು ಹೀಗೆ ತಿಳಿಯಬಹುದು: ಕಣದೊಳಗೆ ಬಿಡುಬೀಸಾಗಿರುವ ಎಲೆಕ್ಟ್ರಾನುಗಳು ಬೆಳಕಿನ ತಾಳಕ್ಕೆ ಒಟ್ಟಾಗಿ ತೂಗುತ್ತವೆ. ತಾಳ ಕೂಡಿದರೆ, ಹದವರಿತು ತಳ್ಳಿದ ಉಯ್ಯಾಲೆಯಂತೆ ತೂಗು ಬಲಿಯುವುದು. ಹೀರಿದ ಬೆಳಕು ಕಾವಾಗುವುದು. ಇದಕ್ಕೆ ಪ್ಲಾಸ್ಮಾನ್ ಎಂದು ಹೆಸರು. ಆದರೆ ಚಿನ್ನ ದುಬಾರಿ. ಅದರ ಎಲೆಕ್ಟ್ರಾನುಗಳ ಎಣಿಕೆಯೂ ನಮ್ಮ ಕೈಯಲ್ಲಿಲ್ಲ. ಅರೆವಾಹಕಗಳ ಮಾತು ಬೇರೆ. 2011ರಲ್ಲಿ ಅಮೆರಿಕದ ವಿಜ್ಞಾನಿಗಳು, ತಾಮ್ರ ಗಂಧಕಗಳ ಕಣದಲ್ಲಿ ತಾಮ್ರದ ಪರಮಾಣುಗಳನ್ನು ಅಲ್ಲಲ್ಲಿ ಕೊರೆಯಾಗಿಸಿ, ವಿದ್ಯುತ್ತನ್ನು ಒಯ್ಯುವವುಗಳ ಎಣಿಕೆಯನ್ನೇ ಬದಲಿಸಿ, ಕಣ್ಣಿಗೆ ಕಾಣದ ಕೆಂಪಾಚೆಯ ಕಿರಣಗಳಿಗೆ ಆ ತಾಳವನ್ನು ಹೊಂದಿಸಬಹುದೆಂದು ತೋರಿಸಿದರು. ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಮೆ ಅರ್ಧ ಇರುವುದು ಆ ಕಿರಣಗಳಲ್ಲಿಯೇ.

ಇಂಥ ಕಣಗಳನ್ನು ತೆಳುಹಾಳೆಯ ಮೇಲೆ ಹರಡಿ ಉಪ್ಪುನೀರಿನ ಮೇಲೆ ತೇಲಬಿಟ್ಟರೆ, ಕೆಳಗಿನ ನೀರೆಲ್ಲ ಕಾಯುವವರೆಗೆ ಕಾಯಬೇಕಿಲ್ಲ. ಮೇಲ್ಪದರವೇ ಆವಿಯಾಗಿ, ತಂಪಾದಾಗ ಕುಡಿಯುವ ನೀರು ದೊರೆಯುವುದು. ಮೂಶೋವಿನ ಕಾಲದಂತೆ ಈಗಲೂ ಕೇಳಬೇಕಾದುದು ಬೆಲೆಯನ್ನೇ. ಉಪ್ಪು ಹಾಳೆಯ ಮೇಲೆ ಹರಳುಗಟ್ಟಿ ಬಿಸಿಲನ್ನು ಮರೆಮಾಡುವ ಕಾಟವೂ ಉಂಟು. ಅದನ್ನು ತಾನಾಗಿ ತೊಳೆದುಕೊಳ್ಳುವಂಥ ಹಾಳೆಗಳನ್ನು ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸಿ ನೋಡುತ್ತಿದ್ದಾರೆ.