ಹೈಫಾದ ಎಣ್ಣೆಯೂ ಭದ್ರಾವತಿಯ ಇದ್ದಲೂ

ಲೋಕದ ಯುದ್ಧಗಳಿಗೆಲ್ಲ ಹೆಣ್ಣು, ಹೊನ್ನು, ಮಣ್ಣು ಎಂಬ ಮೂರೇ ಕಾರಣಗಳೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಇಪ್ಪತ್ತನೆಯ ಶತಮಾನವು ಈ ಮೂರಕ್ಕೆ ನಾಲ್ಕನೆಯದೊಂದನ್ನು ಸೇರಿಸಿತು, ಅದು ಎಣ್ಣೆ. ಎಣ್ಣೆಯೆಂದರೆ ಇಲ್ಲಿ ಎಳ್ಳು ಹರಳುಗಳನ್ನು ಗಾಣದಲ್ಲಿ ಅರೆದು ತೆಗೆಯುವ ಸ್ನಿಗ್ಧದ್ರವ್ಯವಲ್ಲ. ಭೂಗರ್ಭದಿಂದ ಮೇಲೆತ್ತಿ, ಕಾಯಿಸಿ, ಸೀಮೆಎಣ್ಣೆ, ಪೆಟ್ರೋಲು, ಡೀಸೆಲು ಎಂದು ಬೇರೆ ಬೇರೆಯಾಗಿ ಇಳಿಸಿಕೊಳ್ಳುವ ಖನಿಜತೈಲ. ಈ ಎಣ್ಣೆಯ ಬಾವಿಯೊಂದೂ ಶಿವಮೊಗ್ಗೆಯ ಸೀಮೆಯಲ್ಲಿಲ್ಲ. ಆದರೂ ಅದಕ್ಕಾಗಿ, ಅಥವಾ ಅದರ ಬಲದಿಂದ, ದೂರದೇಶಗಳಲ್ಲಿ ನಡೆದ ಯುದ್ಧಗಳ ಕಾವು ತುಂಗೆ ಭದ್ರೆಯರ ದಡಕ್ಕೆ ತಗುಲದೆ ಹೋಗಲಿಲ್ಲ.

ಮೊದಲು ಒಂದು ವಿವೇಚನೆ ಅವಶ್ಯವಾಗಿದೆ. ಕಾರಣವೆಂಬ ಮಾತನ್ನು ಸಡಿಲವಾಗಿ ಬಳಸಿದರೆ ಚರಿತ್ರೆಯು ಕಟ್ಟುಕಥೆಯಾಗುತ್ತದೆ. ಮಡಕೆಗೆ ಮಣ್ಣು ಉಪಾದಾನಕಾರಣ, ಕುಂಬಾರನು ನಿಮಿತ್ತಕಾರಣ, ಅವನ ದಂಡಚಕ್ರಗಳು ಸಹಕಾರಿಕಾರಣ ಎಂದು ತಾರ್ಕಿಕರು ವಿಂಗಡಿಸುತ್ತಾರೆ. ಮಡಕೆಯಿಂದ ಒದಗುವ ಪ್ರಯೋಜನವು ಇವೆಲ್ಲಕ್ಕಿಂತ ಬೇರೆ. ಎಣ್ಣೆಯು ಆಯಾ ಯುದ್ಧದಲ್ಲಿ ಕುಂಬಾರನಾಗಿತ್ತೆ, ಚಕ್ರವಾಗಿತ್ತೆ, ಇಲ್ಲವೆ ಕಡೆಗೆ ದೊರೆತ ಫಲವಾಗಿತ್ತೆ ಎಂಬುದನ್ನು ಒಂದೊಂದಾಗಿ ನೋಡಬೇಕಲ್ಲದೆ ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಎರೆಯಲಾಗದು.

ಎಣ್ಣೆಯು ಯುದ್ಧಸಾಮಗ್ರಿಯಾದದ್ದು ಹಡಗಿನ ಮೂಲಕ. ಹತ್ತೊಂಬತ್ತನೆಯ ಶತಮಾನದ ಯುದ್ಧನೌಕೆಗಳು ಕಲ್ಲಿದ್ದಲಿನಿಂದ ನಡೆಯುತ್ತಿದ್ದುವು. ಒಂದೇ ತೂಕದ ಕಲ್ಲಿದ್ದಲಿಗಿಂತ ಎಣ್ಣೆಯು ಹೆಚ್ಚು ಶಾಖವನ್ನು ಕೊಡುತ್ತದೆ. ಅದನ್ನು ಒಲೆಗೆ ಎಸೆಯಲು ಆಳುಗಳ ಹಿಂಡು ಬೇಕಿಲ್ಲ. ನಡುಗಡಲಿನಲ್ಲಿಯೇ ಒಂದು ಹಡಗಿನಿಂದ ಇನ್ನೊಂದಕ್ಕೆ ತುಂಬಬಹುದು. 1911ರಲ್ಲಿ ಬ್ರಿಟಿಷ್ ನೌಕಾಮಂತ್ರಿಯಾದ ವಿನ್‌ಸ್ಟನ್ ಚರ್ಚಿಲನು ಈ ಗುಣಗಳನ್ನು ಮನಗಂಡು ಹೊಸ ನೌಕೆಗಳನ್ನು ಎಣ್ಣೆಗೆ ತಿರುಗಿಸಿದನು. ಆದರೆ ಬ್ರಿಟನ್ನಿನ ನೆಲದಲ್ಲಿ ಕಲ್ಲಿದ್ದಲು ಹೇರಳವಾಗಿತ್ತೇ ಹೊರತು ಎಣ್ಣೆ ಇರಲಿಲ್ಲ. 1901ರಲ್ಲಿ ಡಾರ್ಸಿ ಎಂಬ ಧನಿಕನು ಪರ್ಷಿಯದ ದೊರೆಯಿಂದ ಎಣ್ಣೆ ತೆಗೆಯುವ ಹಕ್ಕನ್ನು ಪಡೆದಿದ್ದನು. 1908ರ ಮೇ 26ರಂದು ಮಸ್ಜಿದ್-ಇ-ಸುಲೇಮಾನ್ ಎಂಬಲ್ಲಿ ಎಣ್ಣೆ ಚಿಮ್ಮಿತು. 1909ರಲ್ಲಿ ಆಂಗ್ಲೋ-ಪರ್ಷಿಯನ್ ಎಣ್ಣೆ ಕಂಪೆನಿ ಸ್ಥಾಪಿತವಾಯಿತು. 1914ರ ಬೇಸಗೆಯಲ್ಲಿ, ಮಹಾಯುದ್ಧವು ಆರಂಭವಾಗುವುದಕ್ಕೆ ಕೆಲವೇ ವಾರಗಳ ಹಿಂದೆ, ಬ್ರಿಟಿಷ್ ಸರಕಾರವು ಈ ಕಂಪೆನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಕೊಳ್ಳಲು ನಿಶ್ಚಯಿಸಿತು. ಅಂದಿನಿಂದ ಎಣ್ಣೆಯ ವ್ಯಾಪಾರಿಯೂ ರಾಜ್ಯದ ಅಧಿಪತಿಯೂ ಒಂದೇ ಮನೆಯವರಾದರು.

ಆ ಮಹಾಯುದ್ಧವು ಎಣ್ಣೆಗಾಗಿ ಹುಟ್ಟಲಿಲ್ಲ. ಬಾಲ್ಕನ್ ದೇಶಗಳ ಕಲಹ, ಜರ್ಮನಿ ಬ್ರಿಟನ್ನುಗಳ ಪೈಪೋಟಿ, ಪರಸ್ಪರ ಒಪ್ಪಂದಗಳ ಬಲೆ, ಇವು ಅದನ್ನು ಹುಟ್ಟಿಸಿದುವು. ಆದರೆ ತುರ್ಕರು ಯುದ್ಧಕ್ಕಿಳಿದೊಡನೆ, 1914ರ ನವೆಂಬರ್ 6ರಂದು ಭಾರತದಿಂದ ಹೋದ ದಂಡು ಪರ್ಷಿಯನ್ ಕೊಲ್ಲಿಯ ತುದಿಯ ಫಾವೊದಲ್ಲಿ ಇಳಿಯಿತು. ಅಬಾದಾನಿನ ಎಣ್ಣೆಯ ಕಾರ್ಖಾನೆಯನ್ನೂ ಕೊಳವೆಮಾರ್ಗವನ್ನೂ ಕಾಯುವುದು ಆ ದಂಡಿನ ಕೆಲಸಗಳಲ್ಲಿ ಒಂದಾಗಿತ್ತು. ನವೆಂಬರ್ 22ರಂದು ಬಸ್ರಾ ಕೈವಶವಾಯಿತು. ಕಾಯಲು ಹೋದವರು ಅಲ್ಲಿಗೆ ನಿಲ್ಲದೆ ನದಿಯ ಗುಂಟ ಮೇಲೇರಿದರು. 1916ರ ಏಪ್ರಿಲ್ 29ರಂದು ಕೂಟ್ ಎಂಬಲ್ಲಿ ಸಾವಿರಾರು ಭಾರತೀಯ ಸಿಪಾಯಿಗಳು ಹಸಿವಿನಿಂದ ಸೋತು ಶರಣಾದರು. 1917ರ ಮಾರ್ಚ್ 11ರಂದು ಬಾಗ್ದಾದು ಬಿದ್ದಿತು. 1918ರ ಆಗಸ್ಟಿನಲ್ಲಿ ಬ್ರಿಟಿಷ್ ಯುದ್ಧಮಂತ್ರಿಮಂಡಲದ ಕಾರ್ಯದರ್ಶಿ ಮಾರಿಸ್ ಹ್ಯಾಂಕಿಯು ಮೆಸೊಪೊಟೇಮಿಯದ ಎಣ್ಣೆಯ ಸ್ವಾಮ್ಯವು ಯುದ್ಧದ ಪ್ರಥಮಶ್ರೇಣಿಯ ಉದ್ದೇಶವಾಗಬೇಕೆಂದು ವಿದೇಶಾಂಗಮಂತ್ರಿಗೆ ಬರೆದನು. ಅಕ್ಟೋಬರ್ 30ರಂದು ತುರ್ಕರೊಡನೆ ಯುದ್ಧವಿರಾಮವಾದ ಬಳಿಕವೂ ದಂಡು ಮುಂದುವರಿದು ಮೋಸುಲನ್ನು ಹಿಡಿಯಿತು. ಕಾವಲಿಗೆಂದು ಹೊರಟದ್ದು ಸ್ವಾಮ್ಯವಾಗಿ ಮುಗಿಯಿತು. ಚಕ್ರವಾಗಿದ್ದ ಎಣ್ಣೆಯು ಯುದ್ಧದ ಕಡೆಯಲ್ಲಿ ಫಲವಾಯಿತು.

ಇದೇ ಕಾಲದಲ್ಲಿ ಮೈಸೂರು ಸಂಸ್ಥಾನವು ಯುದ್ಧಕ್ಕೆ ಹಣವನ್ನೂ ಜನವನ್ನೂ ಒಪ್ಪಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರವರು 1914ರಲ್ಲಿಯೇ 50 ಲಕ್ಷ ರೂಪಾಯಿಗಳನ್ನು ಕೊಟ್ಟರು; ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಈಜಿಪ್ಟಿಗೆ ತೆರಳಿ ಸುಯೆಜ್ ಕಾಲುವೆಯ ಪ್ರದೇಶದಲ್ಲಿಯೂ ಅನಂತರ ಪ್ಯಾಲಸ್ಟೈನಿನಲ್ಲಿಯೂ ಸೇವೆ ಸಲ್ಲಿಸಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮುಂದೆ ನಡೆದ ಕಾಳಗವು ಈ ದಳದ ಕೀರ್ತಿಗೆ ಕಲಶಪ್ರಾಯವಾಯಿತು. ಒಂದು ಪಾರ್ಶ್ವದಲ್ಲಿ ಕಾರ್ಮೆಲ್ ಬೆಟ್ಟ, ಇನ್ನೊಂದರಲ್ಲಿ ಕೆಸರುಗಟ್ಟಿದ ಕಿಶೋನ್ ಹೊಳೆ, ಎದುರಿಗೆ ತೋಪುಗಳು ಮತ್ತು ಯಂತ್ರಬಂದೂಕಗಳು. ಜೋಧಪುರದ ಸವಾರರು ಪಟ್ಟಣದ ಮೇಲೆ ನೇರವಾಗಿ ನುಗ್ಗಿದಾಗ ಮೈಸೂರಿನವರು ಬೆಟ್ಟದ ಇಳಿಜಾರನ್ನು ಹತ್ತಿ ಅಲ್ಲಿದ್ದ ತೋಪುಗಳನ್ನು ಹಿಡಿದರು. ಸಂಜೆಯೊಳಗೆ ಸಾವಿರಕ್ಕೂ ಮಿಕ್ಕ ಸೆರೆಯಾಳುಗಳೊಡನೆ ಪಟ್ಟಣವು ವಶವಾಯಿತು. ದೆಹಲಿಯ ತೀನ್‌ಮೂರ್ತಿ ಸ್ಮಾರಕವೂ ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಬಳಿಯಿರುವ ಸ್ತಂಭವೂ ಆ ದಳಗಳ ನೆನಪನ್ನು ಉಳಿಸಿವೆ.

ಬರ್ಜಿಯನ್ನು ಹಿಡಿದು ಕುದುರೆಯೇರಿ ಹೋದ ಆ ಸವಾರರಿಗೆ ಹೈಫಾದಲ್ಲಿ ಎಣ್ಣೆಯ ಮಾತು ತಿಳಿದಿರಲು ಅವಕಾಶವೇ ಇರಲಿಲ್ಲ. ಅಂದು ಆ ಊರು ಬೇಕಾಗಿದ್ದುದು ಉತ್ತರಕ್ಕೆ ಸಾಗುವ ಸೈನ್ಯಕ್ಕೆ ಸಾಮಾನು ಇಳಿಸುವ ಬಂದರವಾಗಿ ಮಾತ್ರ. ಆದರೆ ಮುಂದೆ ನಡೆದುದನ್ನು ನೋಡಬೇಕು. 1920ರ ಏಪ್ರಿಲಿನಲ್ಲಿ ಸಾನ್ ರೆಮೊ ಎಂಬಲ್ಲಿ ಬ್ರಿಟನ್ನೂ ಫ್ರಾನ್ಸೂ ತುರ್ಕರಿಂದ ಗೆದ್ದ ಅರಬ್ ನಾಡುಗಳನ್ನು ಹಂಚಿಕೊಂಡುವು. ಅದೇ ಸಮಯದಲ್ಲಿ ಅವೆರಡರ ಪ್ರತಿನಿಧಿಗಳು ಎಣ್ಣೆಯ ಪಾಲನ್ನೂ ಬರೆದುಕೊಂಡರು. 1927ರ ಅಕ್ಟೋಬರಿನಲ್ಲಿ ಇರಾಕಿನ ಕಿರ್ಕೂಕಿನ ಹತ್ತಿರ ಬಾವಿಯೊಂದು ಉಕ್ಕಿ ಹರಿಯಿತು. ಆ ಎಣ್ಣೆಯನ್ನು ಮರುಭೂಮಿಯ ಮೇಲೆ ಸಮುದ್ರಕ್ಕೆ ಸಾಗಿಸಲು ಎರಡು ಕೊಳವೆಗಳನ್ನು ಹಾಕಲಾಯಿತು. ಒಂದು ಫ್ರೆಂಚರ ವಶದಲ್ಲಿದ್ದ ಟ್ರಿಪೋಲಿಗೆ, ಇನ್ನೊಂದು ಬ್ರಿಟಿಷರ ವಶದಲ್ಲಿದ್ದ ಹೈಫಾಕ್ಕೆ. ಹದಿನೇಳು ವರ್ಷಗಳ ಹಿಂದೆ ಮೈಸೂರಿನ ಕುದುರೆಗಳು ತುಳಿದ ಸೀಮೆಯು 1935ರಲ್ಲಿ ಎಣ್ಣೆಯ ರೇವಾಯಿತು. 1939ರಲ್ಲಿ ಅಲ್ಲಿ ಶುದ್ಧೀಕರಣದ ಕಾರ್ಖಾನೆಯೂ ಆಯಿತು. ಅರಬರ ದಂಗೆಯ ಕಾಲದಲ್ಲಿ ಆ ಕೊಳವೆಯನ್ನು ಪದೇ ಪದೇ ಒಡೆದರು. 1940ರಲ್ಲಿ ಇಟಲಿಯ ವಿಮಾನಗಳು ಹೈಫಾದ ಮೇಲೆ ಬಾಂಬು ಸುರಿಸಿದುವು. 1948ರ ಯುದ್ಧದೊಡನೆ ಆ ಕೊಳವೆಯಲ್ಲಿ ಇರಾಕಿನ ಎಣ್ಣೆಯ ಹರಿವು ನಿಂತಿತು. ಯೋಧನು ಒಂದು ಉದ್ದೇಶಕ್ಕಾಗಿ ರಕ್ತವನ್ನು ಚೆಲ್ಲುತ್ತಾನೆ. ಅವನು ಗೆದ್ದ ನೆಲವು ಬೇರೊಂದು ಉದ್ದೇಶಕ್ಕೆ ಸಲ್ಲುತ್ತದೆ.

ಇನ್ನು ಭದ್ರಾವತಿಯ ಕಡೆಗೆ ತಿರುಗಬಹುದು. ಆ ಊರಿನ ಹಳೆಯ ಹೆಸರು ಬೆಂಕಿಪುರ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವೇ ಅದರ ಪ್ರಾಚೀನ ವೈಭವ. ಮಹಾಯುದ್ಧದ ಕಾಲದಲ್ಲಿ ಕಬ್ಬಿಣದ ಬೆಲೆ ಏರಿ, ಹೊರಗಿನ ಸರಕು ಬರುವುದು ದುರ್ಲಭವಾದಾಗ, ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರು ಅಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಕಟ್ಟುವ ಯೋಜನೆಯನ್ನು ಕೈಕೊಂಡರು. ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಅದುರು ಇತ್ತು, ಭದ್ರೆಯಲ್ಲಿ ನೀರು ಇತ್ತು. ಆದರೆ ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಆದುದರಿಂದ ಮಲೆನಾಡಿನ ಕಾಡಿನ ಸೌದೆಯನ್ನು ಸುಟ್ಟು ಇದ್ದಲು ಮಾಡಿ, ಆ ಇದ್ದಲಿನಿಂದ ಅದುರನ್ನು ಕರಗಿಸುವ ಏರ್ಪಾಡಾಯಿತು. ಎಣ್ಣೆಯಿಲ್ಲದ ಬ್ರಿಟನ್ನು ಪರ್ಷಿಯದ ಕಡೆ ನೋಡಿತು. ಕಲ್ಲಿದ್ದಲಿಲ್ಲದ ಮೈಸೂರು ತನ್ನ ಕಾಡಿನ ಕಡೆ ನೋಡಿತು. ಒಬ್ಬರು ಪರರ ನೆಲವನ್ನು ತೋಡಿದರು, ಇನ್ನೊಬ್ಬರು ಸ್ವಂತ ಮರವನ್ನು ಕಡಿದರು. ಎರಡಕ್ಕೂ ಕಾರಣವು ಇಂಧನದ ಹಸಿವೇ ಆಗಿತ್ತು.

ಈ ಕಾರ್ಖಾನೆಯ ಒಂದು ಅಂಗವು ವಿಶೇಷವಾಗಿ ಗಮನಿಸತಕ್ಕದ್ದು. ಸೌದೆಯನ್ನು ಬಯಲಿನಲ್ಲಿ ಸುಡದೆ, ಗಾಳಿಯಾಡದ ಕಬ್ಬಿಣದ ಪಾತ್ರೆಗಳಲ್ಲಿ ಕಾಯಿಸಿದರೆ, ಇದ್ದಲಿನ ಜೊತೆಗೆ ಹೊರಡುವ ಹೊಗೆಯನ್ನು ತಣಿಸಿ ಮರದ ಟಾರು, ಮಿಥೈಲ್ ಆಲ್ಕೊಹಾಲು, ಸುಣ್ಣದ ಅಸಿಟೇಟು ಎಂಬ ಪದಾರ್ಥಗಳನ್ನು ಪಡೆಯಬಹುದು. ಸುಣ್ಣದ ಅಸಿಟೇಟಿನಿಂದ ಅಸಿಟೋನ್ ಎಂಬ ದ್ರವವು ದೊರೆಯುತ್ತದೆ. ಹೊಗೆಯಿಲ್ಲದ ಸಿಡಿಮದ್ದಾದ ಕಾರ್ಡೈಟನ್ನು ಮಾಡಲು ಅದು ಅತ್ಯವಶ್ಯಕವಾಗಿತ್ತು. ಯುದ್ಧದ ಮೊದಲ ವರ್ಷಗಳಲ್ಲಿ ಬ್ರಿಟನ್ನಿಗೆ ಅಸಿಟೋನಿನ ತೀವ್ರ ಅಭಾವವಾಗಿ, ಮ್ಯಾಂಚೆಸ್ಟರಿನ ರಸಾಯನಶಾಸ್ತ್ರಜ್ಞ ಕೈಮ್ ವೈಜ್‌ಮನ್ನನು ಮುಸುಕಿನ ಜೋಳದಂತಹ ಧಾನ್ಯವನ್ನು ಹುದುಗಿಸಿ ಅದನ್ನು ತಯಾರಿಸುವ ವಿಧಾನವನ್ನು ಕೊಟ್ಟನು. ಹೈಫಾವನ್ನು ಒಳಗೊಂಡ ಇಸ್ರೇಲ್ ರಾಜ್ಯಕ್ಕೆ ಮುಂದೆ ಅವನೇ ಮೊದಲನೆಯ ಅಧ್ಯಕ್ಷನಾದನು. ಭದ್ರಾವತಿಯ ಕಾಡಿನ ಸೌದೆಯೂ ಜೋಳದ ತೆನೆಯೂ ಸಿಡಿಮದ್ದಿನ ಒಂದೇ ಮೂಲದ್ರವ್ಯಕ್ಕೆ ದಾರಿಯಾಗಬಲ್ಲುವಾಗಿದ್ದುವು.

ಆದರೆ ಕಾರ್ಖಾನೆಯ ಊದುಕುಲುಮೆಯು ಉರಿದದ್ದು 1923ರ ಜನವರಿಯಲ್ಲಿ. ಅಷ್ಟರಲ್ಲಿ ಯುದ್ಧ ಮುಗಿದು ನಾಲ್ಕು ವರ್ಷಗಳು ಕಳೆದಿದ್ದುವು. ಯುದ್ಧಕಾಲದ ಬೆಲೆಗಳನ್ನು ನೋಡಿ ಹಾಕಿದ ಲೆಕ್ಕವು ಶಾಂತಿಕಾಲದ ಪೇಟೆಯಲ್ಲಿ ನಿಲ್ಲಲಿಲ್ಲ. ಪ್ರಜಾಪ್ರತಿನಿಧಿಗಳೂ ಪತ್ರಿಕೆಗಳೂ ಬಿಳಿಯಾನೆಯನ್ನು ಸಾಕಿದಂತಾಯಿತೆಂದು ಹಳಿಯುವಷ್ಟು ನಷ್ಟವಾದಾಗ, ದಿವಾನಗಿರಿಯಿಂದ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರೇ 1923ರಿಂದ 1929ರ ವರೆಗೆ ಆಡಳಿತಮಂಡಲಿಯ ಅಧ್ಯಕ್ಷರಾಗಿ ಅದನ್ನು ದಡಕ್ಕೆ ತಂದರು. ಯುದ್ಧದ ಆಸೆಯಿಂದ ಬೆಳೆಯುವ ಕೈಗಾರಿಕೆಗೆ ಶಾಂತಿಯೇ ಮೊದಲನೆಯ ಕಂಟಕವೆಂಬ ಪಾಠವನ್ನು ಮಲೆನಾಡು ಆಗಲೇ ಕಲಿತಿತು.

ಎರಡನೆಯ ಮಹಾಯುದ್ಧದಲ್ಲಿ ಎಣ್ಣೆಯ ಪಾತ್ರವು ಇನ್ನಷ್ಟು ಪ್ರಕಟವಾಯಿತು. ಜಪಾನು 1937ರಿಂದಲೇ ಚೀನದಲ್ಲಿ ಕಾದುತ್ತಿತ್ತು. ಆ ಯುದ್ಧವು ಎಣ್ಣೆಗಾಗಿ ಹೂಡಿದುದಲ್ಲ. ಆದರೆ ಅದನ್ನು ನಡಸಲು ಬೇಕಾದ ಎಣ್ಣೆಯ ಬಹುಭಾಗವು ಅಮೆರಿಕದಿಂದ ಬರುತ್ತಿತ್ತು. 1941ರ ಆಗಸ್ಟಿನಲ್ಲಿ ಅಮೆರಿಕವು ಅದನ್ನು ತಡೆದಾಗ, ಜಪಾನಿಗೆ ಚೀನವನ್ನು ಬಿಟ್ಟು ಹಿಂದಿರುಗುವುದು, ಇಲ್ಲವೆ ಡಚ್ಚರ ಸುಮಾತ್ರ ಬೋರ್ನಿಯೊಗಳ ಎಣ್ಣೆಯನ್ನು ಕಸಿದುಕೊಳ್ಳುವುದು, ಈ ಎರಡೇ ಮಾರ್ಗಗಳು ಉಳಿದುವು. ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಎರಗಿ, 1942ರ ಫೆಬ್ರವರಿಯಲ್ಲಿ ಸುಮಾತ್ರದ ಪಾಲೆಂಬಾಂಗನ್ನು ಹಿಡಿಯಿತು. ಹಿಟ್ಲರನು ಅದೇ ವರ್ಷ ಕಾಕಸಸ್ಸಿನ ಎಣ್ಣೆಗಾಗಿ ಸೈನ್ಯವನ್ನು ನೂಕಿ, ಮೈಕೋಪನ್ನು ಮುಟ್ಟಿಯೂ ಬಾಕುವನ್ನು ಕಾಣದೆ ಹೋದನು. ಇಲ್ಲಿ ಎಣ್ಣೆಯು ಚಕ್ರವಾಗಿ ಉಳಿಯದೆ ಕುಂಬಾರನ ಕೈಯನ್ನೇ ತಿರುಗಿಸಿತು.

ಇದರ ಪರಿಣಾಮವು ಶಿವಮೊಗ್ಗೆಯ ನಡುಮನೆಯವರೆಗೂ ಬಂದಿತು. ಭಾರತದ ಮನೆಗಳ ಲಾಂದ್ರಗಳಲ್ಲಿ ಉರಿಯುತ್ತಿದ್ದ ಸೀಮೆಎಣ್ಣೆಯ ದೊಡ್ಡ ಮೂಲವು ಬರ್ಮಾ. 1942ರ ಮಾರ್ಚಿನಲ್ಲಿ ರಂಗೂನು ಬಿದ್ದಿತು. ಏಪ್ರಿಲಿನಲ್ಲಿ ಹಿಮ್ಮೆಟ್ಟುತ್ತಿದ್ದ ಬ್ರಿಟಿಷರು, ಶತ್ರುವಿಗೆ ಸಿಗಬಾರದೆಂದು, ಎನಾಂಗ್‌ಯಾಂಗಿನ ಎಣ್ಣೆಬಾವಿಗಳನ್ನು ತಾವೇ ಕೆಡಿಸಿ ಸುಟ್ಟರು. ಅಲ್ಲಿ ಹತ್ತಿದ ಬೆಂಕಿಯಿಂದ ಇಲ್ಲಿ ದೀಪ ಮಂಕಾಯಿತು. ಪೆಟ್ರೋಲಿಗೆ 1941ರಲ್ಲಿಯೇ ಪಡಿತರ ಬಂದಿದ್ದುದರಿಂದ ಬಸ್ಸುಗಳ ಹಿಂಬದಿಗೆ ಇದ್ದಲಿನ ಒಲೆಯನ್ನು ಕಟ್ಟುವ ಪದ್ಧತಿ ಹುಟ್ಟಿತು. ಸಾಕಷ್ಟು ಗಾಳಿಯಿಲ್ಲದೆ ಕೆಂಡವಾದ ಇದ್ದಲಿನಿಂದ ಹೊರಡುವ ಅನಿಲವೇ ಎಂಜಿನಿಗೆ ಆಹಾರ. ಹೊರಡುವ ಮುನ್ನ ಬಹಳ ಹೊತ್ತು ಒಲೆ ಊದಬೇಕು. ಏರು ಬಂದರೆ ಬಸ್ಸು ಏದುತ್ತದೆ. ಕುಲುಮೆಗೆ ಇದ್ದಲು ಕೊಡುತ್ತಿದ್ದ ಕಾಡು ಈಗ ಪೆಟ್ರೋಲಿಗೂ ಪ್ರತಿನಿಧಿಯಾಯಿತು. ಇತ್ತ 1936ರಿಂದ ಉಕ್ಕನ್ನೂ ತಯಾರಿಸತೊಡಗಿದ್ದ ಭದ್ರಾವತಿಗೆ ಯುದ್ಧದ ಬೇಡಿಕೆಯು ಮತ್ತೆ ಕೈತುಂಬ ಕೆಲಸವನ್ನು ತಂದಿತು. ಒಂದೇ ಊರಿಗೆ ಒಂದೇ ಯುದ್ಧವು ಲಾಭವನ್ನೂ ಕತ್ತಲೆಯನ್ನೂ ಜೊತೆಜೊತೆಯಾಗಿ ಕೊಟ್ಟ ಬಗೆ ಇದು. 1948ರಲ್ಲಿ ಜೋಗದ ವಿದ್ಯುತ್ತು ಹರಿದು, ಅನಂತರ ವಿದ್ಯುತ್ ಕುಲುಮೆಗಳು ಬಂದ ಮೇಲೆಯೇ ಕಾಡಿನ ಮೇಲಿನ ಭಾರ ಇಳಿಯತೊಡಗಿದುದು.

ಮುಂದಿನ ಕಥೆಯನ್ನು ಸಂಕ್ಷೇಪಿಸಬಹುದು. 1951ರಲ್ಲಿ ಇರಾನು ತನ್ನ ಎಣ್ಣೆಯನ್ನು ರಾಷ್ಟ್ರದ ಸ್ವತ್ತನ್ನಾಗಿ ಮಾಡಿತು. 1953ರಲ್ಲಿ ಬ್ರಿಟನ್ ಅಮೆರಿಕಗಳ ಗುಪ್ತ ಸಹಾಯದಿಂದ ಅಲ್ಲಿಯ ಪ್ರಧಾನಿ ಮೊಸಾದಿಕನ ಸರಕಾರವು ಉರುಳಿತು. 1956ರಲ್ಲಿ ಸುಯೆಜ್ ಕಾಲುವೆಗಾಗಿ ಯುದ್ಧವಾಯಿತು. ಯೂರೋಪಿಗೆ ಎಣ್ಣೆ ಹೋಗುತ್ತಿದ್ದುದು ಆ ದಾರಿಯಿಂದಲೇ. 1990ರ ಆಗಸ್ಟ್ 2ರಂದು ಇರಾಕು ಕುವೈತನ್ನು ನುಂಗಿದುದರಲ್ಲಿ ಎಣ್ಣೆಯ ಜಗಳವೂ ಸಾಲದ ಹೊರೆಯೂ ನಿಮಿತ್ತವಾಗಿದ್ದುವು. ಮರುವರ್ಷ ಹಿಮ್ಮೆಟ್ಟುವಾಗ ಹಚ್ಚಿದ ನೂರಾರು ಬಾವಿಗಳ ಬೆಂಕಿಯು ತಿಂಗಳುಗಟ್ಟಲೆ ಉರಿಯಿತು. 2003ರಲ್ಲಿ ಅಮೆರಿಕವು ಇರಾಕಿನ ಮೇಲೆ ದಂಡೆತ್ತಿ ಹೋದಾಗ ಹೇಳಿದ ಕಾರಣವು ಸಾಮೂಹಿಕ ವಿನಾಶದ ಅಸ್ತ್ರಗಳು, ಅವು ದೊರೆಯಲಿಲ್ಲ. ಎಣ್ಣೆಯೇ ಗುಪ್ತಕಾರಣವೆಂದು ಅನೇಕರು ಹೇಳುತ್ತಾರೆ, ಅಲ್ಲವೆಂದು ಅನೇಕರು ವಾದಿಸುತ್ತಾರೆ. ಹೇಳಿದ ಕಾರಣವು ಸುಳ್ಳಾದ ಮಾತ್ರಕ್ಕೆ ಊಹಿಸಿದ ಕಾರಣವು ನಿಜವಾಗಿಬಿಡುವುದಿಲ್ಲ. ಆದರೆ ಆ ನಾಡಿನಲ್ಲಿ ಎಣ್ಣೆಯಿಲ್ಲದಿದ್ದರೆ ದೊಡ್ಡ ರಾಷ್ಟ್ರಗಳ ದೃಷ್ಟಿಯು ಅಲ್ಲಿ ಅಷ್ಟು ಕಾಲ ನಿಲ್ಲುತ್ತಿತ್ತೆ ಎಂಬ ಪ್ರಶ್ನೆಯು ಹಾಗೆಯೇ ಉಳಿಯುತ್ತದೆ.

ಹೀಗೆ ನೋಡಿದರೆ ಎಣ್ಣೆಯು ಎಲ್ಲ ಯುದ್ಧಗಳ ಬೀಜವಲ್ಲ; ಆದರೆ ಹಲವು ಯುದ್ಧಗಳು ಎಲ್ಲಿ ನಡೆಯಬೇಕು, ಎಷ್ಟು ಕಾಲ ನಡೆಯಬೇಕು, ಮುಗಿದ ಮೇಲೆ ಯಾರ ಪಾಲಿಗೆ ಏನು ಬರಬೇಕು ಎಂಬುದನ್ನು ಅದು ನಿರ್ಣಯಿಸಿದೆ. ಇದರಲ್ಲಿ ಬಾವಿಯಿದ್ದ ಜನರಿಗೆ ಬಾವಿಯೇ ಮುಳುವಾಯಿತು. ಬಾವಿಯಿಲ್ಲದವರು ಕಾಡನ್ನೂ ಕುದುರೆಯನ್ನೂ ಮಕ್ಕಳನ್ನೂ ತೆತ್ತರು. ಹೈಫಾದ ಬೆಟ್ಟವನ್ನು ಹತ್ತಿದ ಮೈಸೂರಿನ ಸವಾರನಿಗೂ, ಮಲೆನಾಡಿನಲ್ಲಿ ಸೌದೆ ಕಡಿದ ಕೂಲಿಗೂ, ಸೀಮೆಎಣ್ಣೆಗಾಗಿ ಸಾಲಿನಲ್ಲಿ ನಿಂತ ಗೃಹಿಣಿಗೂ ಆ ನಿರ್ಣಯದಲ್ಲಿ ಮಾತಿರಲಿಲ್ಲ. ದೇಶದೇಶಗಳ ಇಂಧನದ ಲೆಕ್ಕವನ್ನು ಮಂತ್ರಿಗಳಿಗೂ ವ್ಯಾಪಾರಿಗಳಿಗೂ ಬಿಟ್ಟು ಸುಮ್ಮನಿರುವ ಗೃಹಸ್ಥನು ತನ್ನ ಮನೆಯ ದೀಪದ ಲೆಕ್ಕವನ್ನೇ ಪರರ ಕೈಗೆ ಒಪ್ಪಿಸಿದಂತಾಗುತ್ತದೆ.