ಕಲಬುರಗಿಯ ಅಧ್ಯಕ್ಷಪೀಠದಲ್ಲಿ ಒಬ್ಬ ಪಾದ್ರಿ

ಸೇಡಂ ತಾಲ್ಲೂಕಿನ ಕುರಕುಂಟಾದ ಬಜಾರಿನಲ್ಲಿ ನಿಂತರೆ ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಒಂದು ಕಾಲಕ್ಕೆ ಸಿಮೆಂಟ್ ಕಾರ್ಪೊರೇಷನ್ನಿನ ಕಾರ್ಖಾನೆಯಿಂದ ಹೆಸರಾಗಿದ್ದ ಈ ಊರು 1948ರ ಸೆಪ್ಟೆಂಬರ್ ತನಕ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಗ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಉರ್ದುವೇ ಬೋಧನಾ ಮಾಧ್ಯಮ. ಕನ್ನಡ ಉಳಿದದ್ದು ಹೊಲದಲ್ಲಿ, ಮನೆಯಲ್ಲಿ, ಮಠದಲ್ಲಿ, ಭಜನೆಯಲ್ಲಿ. ಸೇಡಂ ದಾಟಿ ಕಾಗಿಣಾ ದಂಡೆಗೆ ಹೋದರೆ ಸಿಗುವ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನ ಅಲ್ಲಿಯದೇ ಎಂಬುದನ್ನು ನೆನೆದರೆ ಈ ಸ್ಥಿತಿಯ ವಿಪರ್ಯಾಸ ತಿಳಿಯುತ್ತದೆ.

ಸಂಸ್ಥಾನವು ಭಾರತದಲ್ಲಿ ಸೇರಿದ ಮರುವರ್ಷವೇ, ಅಂದರೆ 1949ರಲ್ಲಿ, ಕಲಬುರಗಿಯಲ್ಲಿ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು. ಅದರ ಅಧ್ಯಕ್ಷರು ಕ್ರೈಸ್ತ ಪಾದ್ರಿಗಳಾದ ರೆವರೆಂಡ್ ಚನ್ನಪ್ಪ ಉತ್ತಂಗಿಯವರು.

ಆ ಹೊತ್ತಿನ ಕಲಬುರಗಿಯನ್ನು ನಾವು ಕಣ್ಣ ಮುಂದೆ ತಂದುಕೊಳ್ಳಬೇಕು. ರಜಾಕಾರರ ಹಾವಳಿಯಲ್ಲಿ ಹಳ್ಳಿಗಳು ನೊಂದಿದ್ದವು. ಪೊಲೀಸ್ ಕಾರ್ಯಾಚರಣೆಯ ನಂತರ ಮುಸಲ್ಮಾನರ ಮೇಲೆ ಪ್ರತೀಕಾರದ ಹಿಂಸೆಯೂ ನಡೆಯಿತು. ಅದನ್ನು ಪರಿಶೀಲಿಸಲು 1948ರ ಕೊನೆಯಲ್ಲಿ ಪ್ರವಾಸ ಮಾಡಿದ ಪಂಡಿತ ಸುಂದರಲಾಲ್ ಸಮಿತಿ, ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರಗಳನ್ನೂ ಹೆಸರಿಸಿತು. ನೆರೆಯವನ ಧರ್ಮ ಯಾವುದು ಎಂಬ ಪ್ರಶ್ನೆಗೆ ಜೀವದ ಬೆಲೆ ಇದ್ದ ದಿನಗಳವು. ಅಂಥ ನೆಲದಲ್ಲಿ ಕನ್ನಡದ ಅತಿ ದೊಡ್ಡ ಸಭೆಯ ಮುಂದಾಳುತನ, ಎಣಿಕೆಯಲ್ಲಿ ಬಹು ಸಣ್ಣದಾದ ಒಂದು ಸಮುದಾಯದ ಧರ್ಮಗುರುವಿಗೆ ಬಂದಿತು. ಇದನ್ನು ಬರಿಯ ಗೌರವ ಸಲ್ಲಿಕೆ ಎಂದು ದಾಟಿಹೋಗುವಂತಿಲ್ಲ.

ಉತ್ತಂಗಿಯವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಮನೆತನದ ಮೂಲ ಹೂವಿನಹಡಗಲಿ ತಾಲ್ಲೂಕಿನ ಉತ್ತಂಗಿ ಗ್ರಾಮ. ಅವರು ಸೇವೆ ಸಲ್ಲಿಸಿದ್ದು ಬಾಸೆಲ್ ಮಿಶನ್ನಿನಲ್ಲಿ. ಈ ಮಿಶನ್ನಿಗೂ ಕನ್ನಡಕ್ಕೂ ಇರುವ ನಂಟು ನಿಮಗೆ ಪರಿಚಿತವೇ. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಿಘಂಟನ್ನು ಕೊಟ್ಟ ಕಿಟೆಲ್ ಇಬ್ಬರೂ ಅಲ್ಲಿಯವರು. ಆದರೆ ಮೋಗ್ಲಿಂಗ್, ಕಿಟೆಲ್ ಹೊರಗಿನಿಂದ ಬಂದು ಕನ್ನಡ ಕಲಿತವರು. ಉತ್ತಂಗಿಯವರಿಗೆ ಅದು ತಾಯ್ನುಡಿ. ಆದ್ದರಿಂದ ಅವರ ಮುಂದಿದ್ದ ಪ್ರಶ್ನೆಯೂ ಬೇರೆ: ನಾನು ಕ್ರಿಸ್ತನನ್ನು ನಂಬಿದವನು, ಹಾಗಾದರೆ ಬಸವಣ್ಣ, ಸರ್ವಜ್ಞ, ಸಿದ್ಧರಾಮ ನನಗೆ ಪರಕೀಯರೇ?

ಉತ್ತರವನ್ನು ಅವರು ದುಡಿಮೆಯಲ್ಲಿ ಕೊಟ್ಟರು. ಸರ್ವಜ್ಞನ ತ್ರಿಪದಿಗಳು ಓಲೆಗರಿಗಳಲ್ಲಿಯೂ ಜನರ ನಾಲಿಗೆಯ ಮೇಲೆಯೂ ಚದುರಿದ್ದವು. ಒಂದೇ ಪದ್ಯಕ್ಕೆ ಊರಿಗೊಂದು ಪಾಠ. ಯಾರೋ ಕಟ್ಟಿದ ಮೂರು ಸಾಲಿನ ಕೊನೆಗೆ ಸರ್ವಜ್ಞ ಎಂದು ಅಂಟಿಸಿದರೆ ಅದೂ ಅವನದೇ ಆಗಿಬಿಡುತ್ತಿತ್ತು. ಇಂಥವುಗಳನ್ನು ಊರೂರಿನಿಂದ ಕೂಡಿಹಾಕಿ, ಪಾಠಗಳನ್ನು ಹೋಲಿಸಿ, ವಿಷಯಕ್ಕನುಗುಣವಾಗಿ ವಿಂಗಡಿಸಿ, 1924ರಲ್ಲಿ ಅವರು ಸಂಗ್ರಹವನ್ನು ಹೊರತಂದರು. ‘ತಿರುಳ್ಗನ್ನಡದ ತಿರುಕ’ ಎಂಬ ಹೆಸರು ಅವರಿಗೆ ಸುಮ್ಮನೆ ಬಂದದ್ದಲ್ಲ.

ಸರ್ವಜ್ಞನನ್ನೇ ಏಕೆ ಆರಿಸಿಕೊಂಡರು? ಅವನಲ್ಲಿ ದೇವರ ಮಾತಿದೆ. ಅದರ ಪಕ್ಕದಲ್ಲೇ ಅನ್ನ, ಸಾಲ, ಬೇಸಾಯ, ಜಾತಿಯ ಅಹಂಕಾರ, ಜಿಪುಣನ ಗಂಟು, ಡಾಂಭಿಕನ ಪೂಜೆ ಎಲ್ಲವೂ ಇವೆ. ಅಧ್ಯಾತ್ಮವು ಅಡುಗೆಮನೆ, ಅಂಗಡಿಗಳಿಂದ ದೂರ ನಿಲ್ಲುವುದಿಲ್ಲ. ಹಸಿದವನಿಗೆ ಉಣಿಸುವುದನ್ನೂ ನೆರೆಯವನನ್ನು ಪ್ರೀತಿಸುವುದನ್ನೂ ಭಕ್ತಿಯ ಪರೀಕ್ಷೆಯಾಗಿ ಕಂಡ ಸುವಾರ್ತೆಯ ಓದುಗನಿಗೆ ಇದು ಅಪರಿಚಿತವೆನಿಸಲಾರದು. (ಸರ್ವಜ್ಞನ ಹೆಸರಿನಲ್ಲಿ ಹೆಣ್ಣನ್ನು ಹೀಗಳೆಯುವ ಪದ್ಯಗಳೂ ಉಂಟು. ಪಠ್ಯಪುಸ್ತಕಗಳು ಅವನ್ನು ಮೆಲ್ಲಗೆ ಬದಿಗಿಡುತ್ತವೆ. ಇತಿಹಾಸದ ವಿದ್ಯಾರ್ಥಿ ಹಾಗೆ ಮಾಡಬಾರದು.)

ಅವರ ಮತ್ತೊಂದು ಕೃತಿಯ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಹೆಸರೇ ಸಾಕಷ್ಟು ಹೇಳುತ್ತದೆ. ಬೆತ್ಲೆಹೇಮು ಬನಾರಸಕ್ಕೆ ಅಪ್ಪಣೆ ಮಾಡುವುದಿಲ್ಲ, ಖಂಡನೆ ಮಾಡುವುದಿಲ್ಲ, ವಿನಂತಿಸಿಕೊಳ್ಳುತ್ತದೆ. ಆಳುವವರ ಧರ್ಮವೂ ಕ್ರೈಸ್ತವೇ ಆಗಿದ್ದ ಬ್ರಿಟಿಷರ ಕಾಲದಲ್ಲಿ ಒಬ್ಬ ಪಾದ್ರಿ ಈ ಪದವನ್ನು ಆರಿಸಿಕೊಂಡದ್ದು, ನನ್ನ ದೃಷ್ಟಿಯಲ್ಲಿ, ರಾಜಕೀಯ ಮಹತ್ವದ ಸಂಗತಿ. ವಿನಂತಿಸುವವನು ಎದುರಿನವನಿಗೆ ಒಲ್ಲೆ ಎನ್ನುವ ಹಕ್ಕನ್ನು ಕೊಟ್ಟಿರುತ್ತಾನೆ.

ಬಸವೇಶ್ವರ ಮತ್ತು ಅಸ್ಪೃಶ್ಯರ ಉದ್ಧಾರವನ್ನು ಕುರಿತೂ ಅವರು ಬರೆದರು. ಅಸ್ಪೃಶ್ಯತೆಯನ್ನು ರದ್ದುಗೊಳಿಸುವ ವಿಧಿಯನ್ನು ಸಂವಿಧಾನ ಸಭೆ ಅಂಗೀಕರಿಸಿದ್ದು 1948ರ ನವೆಂಬರ್ 29ರಂದು, ಕಲಬುರಗಿಯ ಸಮ್ಮೇಳನಕ್ಕೆ ಕೆಲವೇ ತಿಂಗಳು ಮೊದಲು. ದಿಲ್ಲಿಯಲ್ಲಿ ಕಾನೂನಾಗುತ್ತಿದ್ದ ಮಾತಿಗೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬೇರು ಕಂಡವರು ಇವರು. ಆ ಕಲ್ಯಾಣ, ಇಂದಿನ ಬಸವಕಲ್ಯಾಣ, ಹೈದರಾಬಾದ್ ಸಂಸ್ಥಾನದಲ್ಲೇ ಇತ್ತು.

ಇಲ್ಲೊಂದು ಚರ್ಚೆಯನ್ನು ಹೇಳಲೇಬೇಕು. ಅನುಭವ ಮಂಟಪ ನಿಜವಾಗಿ ಇತ್ತೇ ಎಂದು ಕೆಲವು ವಿದ್ವಾಂಸರು ಸಂದೇಹಪಟ್ಟಾಗ, ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಪುಸ್ತಕವನ್ನೇ ಬರೆದವರು ಉತ್ತಂಗಿಯವರು. ಶರಣರ ಗೋಷ್ಠಿಯ ವಿಸ್ತಾರವಾದ ಚಿತ್ರ ಸಿಗುವುದು ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯಲ್ಲಿ, ಸಮಕಾಲೀನ ಶಾಸನಗಳಲ್ಲಿ ಅದಿಲ್ಲ ಎಂಬುದು ಸಂದೇಹಪಟ್ಟವರ ವಾದ. ಕಟ್ಟಡವೊಂದಿತ್ತೆಂದು ಸಾಧಿಸುವುದು ಕಷ್ಟ. ಶರಣರು ಕೂಡಿ ಮಾತನಾಡುತ್ತಿದ್ದರೆಂಬುದಕ್ಕೆ ವಚನಗಳೇ ಸಾಕ್ಷಿ. ನಾನು ಎರಡನೆಯ ಮಾತಿಗೆ ಮಾತ್ರ ಒಪ್ಪುತ್ತೇನೆ. ಆದರೆ ಲಿಂಗಾಯತ ಪರಂಪರೆಯ ಈ ಸ್ಮೃತಿಗಾಗಿ ಒಬ್ಬ ಪಾದ್ರಿ ವಾದಕ್ಕಿಳಿದರೆಂಬುದು ಸ್ವತಃ ಒಂದು ಐತಿಹಾಸಿಕ ಸತ್ಯ.

ಉತ್ತಂಗಿಯವರು 1962ರಲ್ಲಿ ತೀರಿಕೊಂಡರು. ಅಷ್ಟರೊಳಗೆ, 1956ರ ನವೆಂಬರ್ 1ರಂದು, ಕಲಬುರಗಿ ಜಿಲ್ಲೆ ಮೈಸೂರು ರಾಜ್ಯದಲ್ಲಿ ಸೇರಿತ್ತು. ಕಲಬುರಗಿಯಲ್ಲಿ ಸಮ್ಮೇಳನ ಮತ್ತೆ 1987ರಲ್ಲಿ, 2020ರಲ್ಲಿ ನಡೆಯಿತು. ತ್ರಿಪದಿಗಳನ್ನು ಕಂಠಪಾಠವಾಗಿ ಹೇಳುವ ಹಿರಿಯರು ಸೇಡಂ, ಚಿತ್ತಾಪುರ, ಚಿಂಚೋಳಿಯ ಕಡೆ ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇದ್ದರೆ, ಅವರು ಹೇಳಿದ ಹಾಗೆಯೇ ಬರೆದುಕೊಂಡು ಗ್ರಂಥಾಲಯದ ಮುದ್ರಿತ ಪಾಠದೊಡನೆ ಇಟ್ಟು ನೋಡಿ. ಎಲ್ಲಿ ಪದ ಬದಲಾಗಿದೆ, ಎಲ್ಲಿ ಸಾಲೇ ಬೇರೆಯಾಗಿದೆ, ಗುರುತು ಹಾಕಿ.